ಮೇ ತಿಂಗಳಲ್ಲಿ ಬಾಯಿ ಬಿಡುವ ಗೋಡೆ

ಪುಣೆಯ ಸಿಂಹಗಡ ರಸ್ತೆ ಕಡೆ ನಮ್ಮ ಸೋದರಮಾವನ ಮನೆ ಇದೆ. ಬಾಗಲಕೋಟೆಯಿಂದ ನೌಕರಿಗೆ ಬಂದವರು 1974ರಲ್ಲಿ ಕಟ್ಟಿಸಿದ್ದು. ಒಂದೇ ಅಂತಸ್ತು. ಕರಿಕಲ್ಲಿನ ಪಾಯ, ಒಂಬತ್ತಿಂಚು ಇಟ್ಟಿಗೆ ಗೋಡೆ, ಮೇಲೆ ಸ್ಲ್ಯಾಬ್, ಒಳಗೆಲ್ಲ ಶಹಾಬಾದ್ ಫರಸಿ. ಅಡುಗೆಮನೆ ಕಿಟಕಿಯ ಮೇಲಿನ ಮೂಲೆಯಿಂದ ಸ್ಲ್ಯಾಬಿನವರೆಗೆ ಓರೆಯಾಗಿ ಏರಿದ ಒಂದು ಬಿರುಕು ನನಗೆ ಬುದ್ಧಿ ಬಂದಾಗಿನಿಂದ ಅಲ್ಲಿದೆ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಮಾಮಾ ಅದಕ್ಕೆ ಬಿಳಿ ಸಿಮೆಂಟು ತುಂಬಿಸಿ ಬಣ್ಣ ಹೊಡೆಸುತ್ತಿದ್ದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಅದು ಮತ್ತೆ ಬಾಯಿ ಬಿಡುತ್ತಿತ್ತು. ಕೇಳಿದರೆ, "ಏನ್ ಆಗೂದಿಲ್ಲ ಬಿಡೋ ತಮ್ಮಾ, ಹೋದ ವರ್ಷನೂ ಹಿಂಗ ಇತ್ತು" ಅನ್ನುತ್ತಿದ್ದರು.

ಹೋದ ವರ್ಷ ಹಾಗೇ ಇರಲಿಲ್ಲ. ಒಂದು ಎಳೆಯಷ್ಟು ಕಮ್ಮಿ ಇತ್ತು. ಪ್ರತಿ ವರ್ಷ ಆ ಒಂದು ಎಳೆ ಜಾಸ್ತಿಯಾಗುವುದರಲ್ಲಿ ಬಿಳಿ ಸಿಮೆಂಟಿನ ಪಾಲೂ ಇತ್ತು.

ನಾನು ಸಿವಿಲ್ ಡಿಪ್ಲೊಮಾ ಓದಿ 22 ವರ್ಷ ಇದೇ ಊರಿನ ಸೈಟುಗಳಲ್ಲಿ ಧೂಳು ಕುಡಿದವನು. ಆದರೂ ಮಾಮಾನ ಗೋಡೆಯನ್ನು ಕೂತು ನೋಡಿದ್ದು ಮೂರು ವರ್ಷದ ಹಿಂದೆ. ನಮ್ಮವರ ಮನೆ ಅಂದರೆ ಹಾಗೇ ಅಲ್ವಾ, ಚಹಾ ಕುಡಿದು ಎದ್ದು ಬರುತ್ತೇವೆ.

ಎರೆ ಮಣ್ಣಿನ ಆಟ

ಪುಣೆ ಕೂತಿರುವುದು ದಖ್ಖನ್ನಿನ ಬಸಾಲ್ಟ್ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದ ಕರಿಕಲ್ಲು ಅದು. ಆ ಕಲ್ಲು ಅರ್ಧ ಸವೆದು ಪುಡಿಪುಡಿಯಾದರೆ ಮುರುಮ್. ಇನ್ನೂ ಸವೆದು ನುಣ್ಣಗಾದರೆ ಎರೆ ಮಣ್ಣು. ವಿಜಯಪುರ, ಬಾಗಲಕೋಟೆ, ಗದಗ ಕಡೆಯವರಿಗೆ ಎರೆಯ ಗುಣ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಹೊಲದ ಸೀಳಿನೊಳಗೆ ಕೈ ಹೋಗುತ್ತದೆ. ಮಳೆ ಬಿದ್ದರೆ ಕಾಲಿನ ಚಪ್ಪಲಿ ಎರಡು ಸೇರು ಆಗುತ್ತದೆ. ಅದೇ ಮಣ್ಣು ಪುಣೆಯಲ್ಲಿ ಮುಳಾ, ಮುಠಾ ನದಿಗಳ ಕಡೆಯ ತಗ್ಗು ಜಾಗಗಳಲ್ಲಿ ಸಿಗುತ್ತದೆ. ಗುಡ್ಡದ ಇಳಿಜಾರಿಗೆ ಹೋದರೆ ಬೇಗ ಮುರುಮ್ ಹತ್ತುತ್ತದೆ.

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಒಂದು ಜೇಡಿ ಖನಿಜ ಜಾಸ್ತಿ. ಅದರ ರಚನೆ ಒಂದರ ಮೇಲೊಂದು ಇಟ್ಟ ತೆಳು ಹಾಳೆಗಳ ಹಾಗೆ. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಹೋದರೆ ಕುಗ್ಗುತ್ತದೆ. ಪುಣೆಯಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಹೆಚ್ಚುಕಡಿಮೆ ಎಂಟು ತಿಂಗಳು ಒಣ. ಹಾಗಾಗಿ ವರ್ಷಕ್ಕೊಂದು ಸಲ ಉಬ್ಬಿ ಒಂದು ಸಲ ಕುಗ್ಗುವುದು ಈ ಮಣ್ಣಿನ ಕಾಯಂ ನೌಕರಿ. ಈ ಏರಿಳಿತ ಮೇಲಿನ ಪದರದಲ್ಲಿ ಜೋರು. ಕೆಳಗೆ ಹೋದಂತೆ ಕಮ್ಮಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದೇ ಕೆಳಗೆ ಬುಗುಟು ಇರುವ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಒಂದನ್ನು ರೂಪಿಸಿತು. ಆಳವಾದ ಎರೆಯಲ್ಲಿ ಅದನ್ನು ಕನಿಷ್ಠ ಮೂರೂವರೆ ಮೀಟರ್ ಇಳಿಸಬೇಕು ಅನ್ನುತ್ತದೆ ನಮ್ಮ ಮಾನಕ. ಅಷ್ಟು ಕೆಳಗೆ ಮಳೆ ಬಿಸಿಲಿನ ಸುದ್ದಿ ಮುಟ್ಟುವುದಿಲ್ಲ. ಮಾಮಾನ ಮನೆಯ ಪಾಯ ಎಷ್ಟು ಆಳ ಗೊತ್ತಾ? ನಾಲ್ಕು ಅಡಿಗೂ ಕಮ್ಮಿ.

ಮಾಮಾನ ಗೌಂಡಿಯನ್ನು ಬೈಯಬೇಕಿಲ್ಲ. 1961ರ ಜುಲೈ 12ಕ್ಕೆ ಪಾನಶೇತ್ ಅಣೆಕಟ್ಟು ಒಡೆದು ಹಳೇ ಪುಣೆ ಮುಳುಗಿದ ಮೇಲೆ ಊರ ಹೊರಗೆ ಹೊಸ ಬಡಾವಣೆಗಳು ಬಂದವು, ಊರು ಹಬ್ಬುತ್ತ ಹೋಯಿತು. ಆ ಕಾಲದ ಸಣ್ಣ ಮನೆಗಳಿಗೆ ಮಣ್ಣು ಪರೀಕ್ಷೆ ಮಾಡಿಸಿದವರು ಎಷ್ಟು ಜನ? ಗುದ್ದಲಿಗೆ ಗಟ್ಟಿ ಹತ್ತಿದರೆ ಕಲ್ಲು ಕೂರಿಸುತ್ತಿದ್ದರು. ಬೇಸಿಗೆಯಲ್ಲಿ ಎರೆಯೂ ಕಲ್ಲಿನಷ್ಟೇ ಗಟ್ಟಿ ಹತ್ತುತ್ತದೆ. ಮೋಸ ಆಗುವುದು ಅಲ್ಲೇ.

ಇಡೀ ಮನೆ ಸಮನಾಗಿ ಏರಿ ಸಮನಾಗಿ ಇಳಿದರೆ ಗೋಡೆಗೆ ಏನೂ ಆಗುವುದಿಲ್ಲ. ಒಂದು ಮೂಲೆ ಇಳಿದು ಉಳಿದದ್ದು ನಿಂತರೆ ತೊಂದರೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ತೇವ ಅಲ್ಲೇ ಉಳಿಯುತ್ತದೆ. ಅಂಚಿನ ಮಣ್ಣು ಒಣಗುತ್ತದೆ. ಮೂಲೆಗೆ ಎರಡು ಕಡೆಯಿಂದ ಬಿಸಿಲು, ಹಾಗಾಗಿ ಮೂಲೆ ಎಲ್ಲಕ್ಕಿಂತ ಜಾಸ್ತಿ ಇಳಿಯುತ್ತದೆ. ಇಟ್ಟಿಗೆ ಗೋಡೆ ಭಾರ ಹೊರುವುದರಲ್ಲಿ ಗಟ್ಟಿ, ಎಳೆದರೆ ಮಾತ್ರ ಸೀಳುತ್ತದೆ. ಅದೂ ಕಿಟಕಿ, ಬಾಗಿಲ ಮೂಲೆಯಿಂದ ಶುರು, ಯಾಕೆಂದರೆ ಅಲ್ಲಿ ಗೋಡೆಯೇ ಕಮ್ಮಿ.

ಈಗ ಬಿಳಿ ಸಿಮೆಂಟಿಗೆ ಬರೋಣ. ಮೇ ತಿಂಗಳಲ್ಲಿ ಬಿರುಕು ತೆರೆದಾಗ ಹಳೇ ಸಿಮೆಂಟಿನ ಚೂರು, ಗಿಲಾವಿನ ಪುಡಿ, ಮರಳು ಒಳಗೆ ಬೀಳುತ್ತವೆ. ಮಳೆಗಾಲದಲ್ಲಿ ಮೂಲೆ ಮೇಲೆ ಬರುವಾಗ ಬಿರುಕು ಮುಚ್ಚಬೇಕು. ಒಳಗೆ ಚೂರು ಕೂತಿದೆ, ಪೂರ್ತಿ ಮುಚ್ಚುವುದಿಲ್ಲ. ಉಳಿದ ಸಂದಿಗೆ ದೀಪಾವಳಿಯಲ್ಲಿ ಮತ್ತೆ ಸಿಮೆಂಟು. ಮುಂದಿನ ಬೇಸಿಗೆ ಅಲ್ಲಿಂದ ಮುಂದಕ್ಕೆ. ಬಾಗಿಲ ಸಂದಿಯಲ್ಲಿ ದಿನಕ್ಕೊಂದು ಹರಳು ಇಟ್ಟು ಬಾಗಿಲು ಹಾಕಿದ ಹಾಗೆ. ಇನ್ನು ಕೆಲವರು ಮಳೆಗೆ ಮುಂಚೆ ರಿಪೇರಿ ಮುಗಿಸೋಣ ಅಂತ ಮೇ ತಿಂಗಳಲ್ಲೇ, ಬಿರುಕು ಅತಿ ಅಗಲ ಇದ್ದಾಗಲೇ, ಗಟ್ಟಿ ಗಾರೆ ಜಡಿಸುತ್ತಾರೆ. ಅದು ಇನ್ನೂ ಕೆಟ್ಟದ್ದು. ಜುಲೈಯಲ್ಲಿ ಮುಚ್ಚಲು ಬಂದ ಗೋಡೆಗೆ ಅಲ್ಲಿ ಬೆಣೆ ಸಿಗುತ್ತದೆ. ಆಗ ಪಕ್ಕದಲ್ಲಿ ಹೊಸ ಬಿರುಕು.

ಎಲ್ಲ ಬಿರುಕೂ ಪಾಯದ್ದಲ್ಲ

ಗಾಬರಿ ಆಗುವ ಮುಂಚೆ ಸುಮ್ನೆ ಬರುವ ಬಿರುಕುಗಳನ್ನು ಬೇರೆ ಮಾಡಿ ಇಡಬೇಕು. ಗಿಲಾವಿನ ಮೇಲೆ ಜೇಡರ ಬಲೆಯ ಹಾಗೆ ಹಬ್ಬಿದ ಕೂದಲೆಳೆ ಗೆರೆಗಳು ಗಿಲಾವು ಬೇಗ ಒಣಗಿದ್ದಕ್ಕೆ ಬಂದವು. ಸ್ಲ್ಯಾಬಿನ ಕೆಳಗೆ ಗೋಡೆಯ ಉದ್ದಕ್ಕೂ ಅಡ್ಡಗೆರೆ ಬಂದಿದ್ದರೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಗೋಡೆಯನ್ನು ತಳ್ಳಿದೆ. ಕಾಲಮ್ಮಿಗೂ ಇಟ್ಟಿಗೆಗೂ ನಡುವೆ ನೆಟ್ಟಗೆ ಇಳಿದ ಗೆರೆ, ಎರಡು ಬೇರೆ ಬೇರೆ ವಸ್ತು ಒಟ್ಟಿಗೆ ಬಾಳಲಾರದೆ ಬಂದದ್ದು. ಕಾಲಂ, ಬೀಮಿನ ಉದ್ದಕ್ಕೆ ಸರಳಿನ ದಾರಿಯಲ್ಲೇ ಸೀಳಿ, ಕಂದು ಕಲೆ ಇದ್ದರೆ ಅದು ತುಕ್ಕು. ಕಬ್ಬಿಣ ತುಕ್ಕಾದರೆ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಮುಂಬೈ, ಗೋವಾದ ಉಪ್ಪು ಗಾಳಿಯಲ್ಲಿ ಬಿರುಕು ಅಂದರೆ ಮೊದಲ ಅನುಮಾನ ಇದರ ಮೇಲೇ ಇರಬೇಕು. ಸಣ್ಣದೆಂದು ಬಿಡುವಂಥದ್ದಲ್ಲ, ಆದರೆ ಅದರ ಔಷಧ ಬೇರೆ.

ಪಾಯದ ಬಿರುಕಿನ ಗುರುತು ಓರೆ. ಇಟ್ಟಿಗೆ ಸಂದಿಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ. ಹೊರಗೆ ಹೋಗಿ ಬಗ್ಗಿ ಪ್ಲಿಂತ್, ಅಂದರೆ ನೆಲದ ಮೇಲೆ ಕಾಣುವ ಪಾಯದ ಭಾಗ, ನೋಡಿ. ಅಲ್ಲೂ ಗಾರೆ ಬಿಟ್ಟಿದ್ದರೆ, ಕಲ್ಲುಗಳ ನಡುವೆ ಗೆರೆ ಇಳಿದಿದ್ದರೆ, ಅನುಮಾನ ಬಲವಾಯಿತು. ಪ್ಲಿಂತ್ ಎಲ್ಲೂ ಮಿಸುಕದೆ ಮೇಲೆ ಮಾತ್ರ ಗೆರೆ ಇದ್ದರೆ ಪಾಯವನ್ನು ಬೈಯಲು ಆತುರ ಬೇಡ.

ಯಾವ ಕಡೆ ಇಳಿದಿದೆ ಅಂತ ಕಂಡುಹಿಡಿಯಲು ಒಂದು ಹಳೇ ಉಪಾಯ ಇದೆ. ಓರೆ ಬಿರುಕಿಗೆ ಅಡ್ಡವಾಗಿ, ಲಂಬ ಕೋನದಲ್ಲಿ, ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅದು ಕೆಳಮುಖವಾಗಿ ಯಾವ ಕಡೆ ಬೊಟ್ಟು ಮಾಡುತ್ತದೋ ಆ ಕಡೆ ನೆಲ ಕುಸಿದಿರುವ ಸಾಧ್ಯತೆ ಜಾಸ್ತಿ. ಮಾಮಾನ ಬಿರುಕು ಕಿಟಕಿಯಿಂದ ಮನೆಯ ಆಗ್ನೇಯ ಮೂಲೆಯ ಕಡೆಗೆ ಏರುತ್ತಿತ್ತು. ಅಡ್ಡಗೆರೆ ಎಳೆದರೆ ಅದೇ ಮೂಲೆಯ ಬುಡ. ಮೇಲೆ ಅಗಲ, ಕೆಳಗೆ ಸಣ್ಣ: ತುದಿ ಇಳಿದಾಗ ಹೀಗಾಗುತ್ತದೆ. ಮನೆಯ ನಡು ಕುಸಿದಿದ್ದರೆ ಉಲ್ಟಾ, ಬಿರುಕು ಕೆಳಗೆ ಅಗಲ ಇರುತ್ತದೆ.

ಬಾಗಿಲುಗಳೂ ಸಾಕ್ಷಿ ಹೇಳುತ್ತವೆ. ಚೌಕಟ್ಟು ಸೊಟ್ಟಗಾಗಿ ಬಾಗಿಲು ಒಂದು ಮೂಲೆಯಲ್ಲಿ ಮಾತ್ರ ಉಜ್ಜುತ್ತದೆಯಾ ನೋಡಿ. ಮಳೆಗಾಲದಲ್ಲಿ ಬಿಗಿಯಾದರೆ ಕಟ್ಟಿಗೆ ಉಬ್ಬಿರಬಹುದು. ಬೇಸಿಗೆಯಲ್ಲಿ ಬಿಗಿಯಾದರೆ ಕಟ್ಟಿಗೆಯ ಮೇಲೆ ತಪ್ಪು ಹಾಕುವುದು ಕಷ್ಟ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೌಂಡಿಗಳು ಮಟ್ಟ ನೋಡುತ್ತಾರಲ್ಲ, ಅದನ್ನೇ ಹಿಡಿದು ಮನೆಯ ಸುತ್ತ ಪ್ಲಿಂತಿನ ಮೇಲಂಚು ಅಳೆದರೆ ಯಾವ ಮೂಲೆ ಎಷ್ಟು ಇಳಿದಿದೆ ಅಂತ ಸ್ಥೂಲವಾಗಿ ಸಿಗುತ್ತದೆ. ಕಟ್ಟುವಾಗಲೇ ಸ್ವಲ್ಪ ಸೊಟ್ಟ ಇದ್ದಿರಬಹುದು, ಅದನ್ನೂ ಮನಸ್ಸಿನಲ್ಲಿಡಿ.

ಅಳತೆ, ಒಂದು ಪೂರ್ತಿ ವರ್ಷ

ಬಿರುಕು ಎಷ್ಟು ಅಗಲ ಅನ್ನುವುದಕ್ಕಿಂತ ಅದು ಇನ್ನೂ ಚಲಿಸುತ್ತಿದೆಯಾ ಅನ್ನುವುದು ದೊಡ್ಡ ಪ್ರಶ್ನೆ. 50 ವರ್ಷದ ಮನೆಯಲ್ಲಿ ಮೂರು ಮಿಲಿಮೀಟರ್ ಬಿರುಕು 1980ರಲ್ಲೇ ಬಂದು ಅಲ್ಲೇ ನಿಂತಿರಬಹುದು. ಅದಕ್ಕೆ ಗಾರೆ ತುಂಬಿ ಮರೆತುಬಿಡಬಹುದು. ಒಂದೇ ಮಿಲಿಮೀಟರ್ ಇದ್ದು ತಿಂಗಳು ತಿಂಗಳು ಬೆಳೆಯುತ್ತಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಕು.

ಅಗಲದ ಅಂದಾಜಿಗೆ ಜೇಬಿನ ಎಟಿಎಂ ಕಾರ್ಡು ಸಾಕು. ಅದರ ದಪ್ಪ 0.76 ಮಿಲಿಮೀಟರ್. ಕಾರ್ಡು ಹೋಗದಿದ್ದರೆ ಸಣ್ಣದು. ಎರಡು ಕಾರ್ಡು ಸೇರಿಸಿ ಹೋದರೆ ಒಂದೂವರೆ. ಗೋಡೆ ಬಿರುಕುಗಳ ಬಗ್ಗೆ ನಮ್ಮ ದೇಶದ ಮಾನಕ ಕೈಪಿಡಿಯೊಂದು 1984ರಿಂದ ಇದೆ, ಎಸ್‌ಪಿ 25. ಅದರ ಪ್ರಕಾರ ಒಂದು ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಸಣ್ಣ ಬಿರುಕು, ಒಂದರಿಂದ ಎರಡು ಮಧ್ಯಮ, ಎರಡಕ್ಕಿಂತ ಜಾಸ್ತಿ ಅಗಲವಾದದ್ದು. ಬ್ರಿಟನ್ನಿನ ಕಟ್ಟಡ ಸಂಶೋಧಕರ ಲೆಕ್ಕ ಇನ್ನಷ್ಟು ಸಡಿಲ. 5 ಮಿಲಿಮೀಟರ್‌ವರೆಗೆ ಹಾನಿ ಸಣ್ಣದು, 5ರಿಂದ 15 ಮಧ್ಯಮ, 15 ದಾಟಿದರೆ ಗಂಭೀರ, 25 ದಾಟಿದರೆ ಅತಿ ಗಂಭೀರ. ಒಂದೇ ಬಿರುಕು ಒಬ್ಬರ ಲೆಕ್ಕದಲ್ಲಿ ಅಗಲ, ಇನ್ನೊಬ್ಬರ ಲೆಕ್ಕದಲ್ಲಿ ಸಣ್ಣ ಹಾನಿ. ಅದಕ್ಕೇ ಅಗಲ ಒಂದನ್ನೇ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ಚಲನೆ ಅಳೆಯಲು ಹಿಂದೆ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುತ್ತಿದ್ದರು. ಈಗಲೂ ಅಂಟಿಸುವವರಿದ್ದಾರೆ. ಗಾಜು ಒಡೆದರೆ ಗೋಡೆ ಅಲ್ಲಾಡಿದೆ ಅಂತ ತಿಳಿಯುತ್ತದೆ. ಎಷ್ಟು ಅಲ್ಲಾಡಿತು, ವಾಪಸ್ ಬಂತಾ ಅನ್ನುವುದು ತಿಳಿಯುವುದಿಲ್ಲ. ನನಗೆ ಇಷ್ಟ ಸರಳ ದಾರಿ: ಬಿರುಕಿನ ಎರಡೂ ಕಡೆ ಇಟ್ಟಿಗೆಯೊಳಗೆ ಒಂದೊಂದು ಸ್ಕ್ರೂ ಗಟ್ಟಿಯಾಗಿ ಕೂರಿಸುವುದು, ತಿಂಗಳಿಗೊಮ್ಮೆ ಅವುಗಳ ಅಂತರವನ್ನು ಕ್ಯಾಲಿಪರ್‌ನಿಂದ ಅಳೆಯುವುದು. ಸ್ಕ್ರೂ ಗಿಲಾವಿನಲ್ಲಿ ಮಾತ್ರ ಕೂತರೆ ಗಿಲಾವಿನ ಆಟ ಅಳೆದಂತಾಗುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಿರಿ. ಮಧ್ಯಾಹ್ನದ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಲೆಕ್ಕ ತಪ್ಪಿಸುತ್ತದೆ. ಬಿರುಕಿನ ತುದಿ ಎಲ್ಲಿ ನಿಂತಿದೆ ಅಂತ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ತಾರೀಕು ಬರೆಯಿರಿ.

ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಅಳತೆಯಲ್ಲಿ ಬರಬೇಕು. ಮಾಮಾ ಮೊದಲು ನಕ್ಕರು, ಆಮೇಲೆ ಹಟಕ್ಕೆ ಬಿದ್ದವರ ಹಾಗೆ ಅಳೆದರು. ಕ್ಯಾಲಿಪರ್ ಕಣ್ಣಿಗೆ ಹತ್ತಿರ ಹಿಡಿದು, ಅತ್ತೆಗೆ "ಬರ್ಕೊ" ಅಂತ ಕೂಗುತ್ತಿದ್ದರು. ಅತ್ತೆ ಗ್ಯಾಸ್ ಸಣ್ಣ ಮಾಡಿ ಬಂದು ಗೋಡೆಯ ಮೇಲೇ ಬರೆಯುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬಿರುಕು 3.5 ಮಿಲಿಮೀಟರ್, ಸೆಪ್ಟೆಂಬರ್ ಕೊನೆಗೆ 1.2. ಇದು ಋತುವಿನ ಜೊತೆ ಆಡುವ ಬಿರುಕು. ಹೀಗೆ ಹೋಗಿ ಬಂದು ಮಾಡಿದರೆ ಕಾರಣ ತೇವದ ಏರುಪೇರು. ಮಳೆಗಾಲದಲ್ಲೂ ಮುಚ್ಚದೆ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಪಾಯದ ಕೆಳಗಿನ ಮಣ್ಣು ಕೂರುತ್ತಿದೆ, ಇಲ್ಲವೇ ಕೊಚ್ಚಿ ಹೋಗುತ್ತಿದೆ. ಎರಡೂ ರೋಗ ಬೇರೆ.

ವರ್ಷ ಕಾಯಬಾರದ ಹೊತ್ತೂ ಇದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಸ್ಲ್ಯಾಬಿಗೂ ಗೋಡೆಗೂ ನಡುವೆ ಬೆಳಕು ಕಂಡರೆ, ನಿನ್ನೆ ಸರಿಯಿದ್ದ ಬಾಗಿಲು ಇವತ್ತು ಹಾಕಲು ಬಾರದಿದ್ದರೆ, ಕಾಲಂ ಬುಡದಲ್ಲಿ ಕಾಂಕ್ರೀಟ್ ಪುಡಿಯಾಗುತ್ತಿದ್ದರೆ, ಬಿರುಕು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆದರೆ, ಜನ ಹೊರಗೆ. ಸ್ಲ್ಯಾಬಿಗೆ ಆಸರೆ ಕಂಬ ಕೊಡಿಸಿ ಅದೇ ದಿನ ಎಂಜಿನಿಯರ್ ಕರೆಸಿ.

ಮೊದಲು ನೀರು, ಆಮೇಲೆ ಗೋಡೆ

ಬಿರುಕಿನ ರಿಪೇರಿ ಶುರುವಾಗಬೇಕಾದ್ದು ಮನೆಯ ಹೊರಗೆ. ನಾನು ನೋಡಿದ ಹಳೇ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಅಪರಾಧಿ ನೀರೇ. ಒಡೆದ ಡ್ರೈನೇಜ್ ಪೈಪು, ಸೋರುವ ಚೇಂಬರ್, ನೆಲದ ಟ್ಯಾಂಕು, ಗೋಡೆಗೆ ಒತ್ತಿ ಮಾಡಿದ ಹೂವಿನ ಪಾತಿ. ಮಾಮಾನ ಮನೆಯಲ್ಲಿ ಇಬ್ಬರು ಸಿಕ್ಕಿಬಿದ್ದರು. ತಾರಸಿಯ ಮಳೆನೀರಿನ ಪೈಪು ಆಗ್ನೇಯ ಮೂಲೆಯ ಬುಡದಲ್ಲೇ ನೀರು ಸುರಿಯುತ್ತಿತ್ತು. ಅಲ್ಲಿಂದ ಮೂರು ಮೀಟರ್ ದೂರದಲ್ಲಿ ಅತ್ತೆ ಪ್ರೀತಿಯಿಂದ ಬೆಳೆಸಿದ ಗುಲ್‌ಮೊಹರ್. ಮಳೆಗಾಲದಲ್ಲಿ ಇಡೀ ತಾರಸಿಯ ನೀರು ಆ ಮೂಲೆಗೆ. ಬೇಸಿಗೆಯಲ್ಲಿ ಮರ ಅದೇ ಮಣ್ಣಿನಿಂದ ನೀರು ಹೀರುತ್ತದೆ. ಮನೆಯ ಎಲ್ಲ ಮೂಲೆಗಳಲ್ಲಿ ಆ ಒಂದೇ ಮೂಲೆ ಅತಿ ಒದ್ದೆಯೂ ಹೌದು, ಅತಿ ಒಣವೂ ಹೌದು.

ಮರ ಕಡಿದುಬಿಡಿ ಅಂತ ಎಲ್ಲರೂ ಹೇಳಿದರು. ತಡೆಯಿರಿ. ಎರೆ ಮಣ್ಣಿನಲ್ಲಿ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಅದು ಹೀರುತ್ತಿದ್ದ ನೀರು ಮಣ್ಣಲ್ಲೇ ಉಳಿಯುತ್ತದೆ. ಮಣ್ಣು ಉಬ್ಬುತ್ತದೆ, ಪಾಯ ಮೇಲೆ ಬರುತ್ತದೆ. ಇಳಿದ ಮೂಲೆಯ ಬದಲು ಎದ್ದ ಮೂಲೆ. ಮೇಲಾಗಿ ಮಹಾರಾಷ್ಟ್ರದ ಊರುಗಳಲ್ಲಿ 1975ರ ಮರ ಸಂರಕ್ಷಣೆ ಕಾನೂನಿದೆ, ನಿಮ್ಮ ಅಂಗಳದ ಮರವಾದರೂ ಅನುಮತಿ ಬೇಕು. ನಾವು ಅನುಮತಿ ತೆಗೆದುಕೊಂಡು ಕೊಂಬೆ ಹಗುರ ಮಾಡಿಸಿದೆವು. ಮರಕ್ಕೂ ಗೋಡೆಗೂ ನಡುವೆ ಕಿರಿದಾದ ಆಳದ ಕಾಲುವೆ ತೋಡಿ ಬೇರು ತಡೆಯುವ ದಪ್ಪ ಹಾಳೆ ಇಳಿಸಿದೆವು. ಗೋಡೆಯ ಹತ್ತಿರ ಗಿಡ ನೆಡುವವರಿಗೆ ಒಂದು ಅಂದಾಜು: ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟಾದರೂ ದೂರ ಇರಲಿ. ಪುಣೆಯ ಅಂಗಳದಲ್ಲಿ ಅಷ್ಟು ಜಾಗ ಯಾರಿಗಿದೆ ಅನ್ನಬೇಡಿ, ನುಗ್ಗೆ, ಕರಿಬೇವು ಹಾಕಿ.

ಮಳೆನೀರಿನ ಪೈಪನ್ನು ಗಟಾರದವರೆಗೆ ಮುಚ್ಚಿದ ಪೈಪಿನಲ್ಲಿ ಒಯ್ದೆವು. ಮನೆಯ ಸುತ್ತ ಗೋಡೆ ಬುಡಕ್ಕೆ ಕಾಂಕ್ರೀಟಿನ ಪಟ್ಟಿ, ಅಂದರೆ ಪ್ಲಿಂತ್ ಪ್ರೊಟೆಕ್ಷನ್, ಹಾಕಿಸಿದೆವು. ಸಾಮಾನ್ಯ ಮಣ್ಣಿಗೆ ಎರಡೂವರೆ, ಮೂರು ಅಡಿ ಅಗಲ ಸಾಕು. ಎರೆಗೆ ಜಾಗ ಇದ್ದಷ್ಟು ಅಗಲ ಒಳ್ಳೆಯದು, ನಮಗೆ ಐದಡಿ ಸಿಕ್ಕಿತು. ಅದರ ಇಳಿಜಾರು ಹೊರಗೆ ಇರಬೇಕು. ಗೋಡೆಗೂ ಅದಕ್ಕೂ ನಡುವಿನ ಸಂದಿಯನ್ನು ಗಾರೆಯಿಂದ ಕಟ್ಟಬಾರದು, ಡಾಂಬರಿನಂಥ ಮೆತ್ತನೆಯದರಿಂದ ತುಂಬಬೇಕು. ಎರಡೂ ಬೇರೆ ಬೇರೆಯಾಗಿ ಆಡುತ್ತವೆ. ಇದರ ಕೆಲಸ ಇಷ್ಟೇ: ಗೋಡೆ ಬುಡದ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುವಂತೆ ನೋಡಿಕೊಳ್ಳುವುದು.

ಪ್ಲಿಂತ್ ಪ್ರೊಟೆಕ್ಷನ್ ಹಾಕುವ ಮುಂಚೆ ಪಾಯ ನೋಡಲು ಎರಡು ಗುಂಡಿ ತೋಡಿದೆವು. ಗೋಡೆಗೆ ಒತ್ತಿ ಮೂರಡಿ ಚೌಕ, ಪಾಯದ ತಳ ಕಾಣುವವರೆಗೆ. ಬಿರುಕಿನ ಮೂಲೆಯಲ್ಲಿ ಒಂದು, ಬಿರುಕೇ ಇಲ್ಲದ ಕಡೆ ಇನ್ನೊಂದು. ಹೋಲಿಕೆ ಇಲ್ಲದೆ ಒಂದೇ ಗುಂಡಿ ನೋಡಿ ಏನೂ ತಿಳಿಯುವುದಿಲ್ಲ. ಎರಡನ್ನೂ ಒಂದೇ ದಿನ ತೋಡಬೇಡಿ, ಮಳೆಯಲ್ಲಂತೂ ಬೇಡವೇ ಬೇಡ. ಮಣ್ಣನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಅದು ನೀರಲ್ಲಿ ಎಷ್ಟು ಉಬ್ಬುತ್ತದೆ ಅಂತ ಅಳೆದು ಹೇಳುತ್ತಾರೆ. ಗುಂಡಿಯಲ್ಲಿ ಕಂಡದ್ದು: ಕಲ್ಲು ಗಟ್ಟಿ, ಗಾರೆ ಗಟ್ಟಿ, ಕೆಳಗೆ ಎರೆ. ಪಾಯ ಹಾಳಾಗಿರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಬಿರುಕು 1.8 ಮಿಲಿಮೀಟರ್, ಸೆಪ್ಟೆಂಬರಿನಲ್ಲಿ 1.1. ಗೋಡೆಗೆ ಇನ್ನೂ ಒಂದು ಚಮಚ ಸಿಮೆಂಟೂ ಹಾಕಿರಲಿಲ್ಲ.

ಹೊಲಿಗೆ

ಚಲನೆ ನಿಂತ ಮೇಲೆ, ಅಥವಾ ಹೀಗೆ ಬಹಳ ಕಮ್ಮಿಯಾದ ಮೇಲೆ, ಗೋಡೆಗೆ ಹೊಲಿಗೆ ಹಾಕಬಹುದು. ನಮ್ಮ ಗೌಂಡಿ ಅಫಜಲಪುರದವರು, ಅವರಿಗೆ ಹೊಲಿಗೆ ಅನ್ನುವ ಮಾತು ತಕ್ಷಣ ಹಿಡಿಸಿತು. ಇಟ್ಟಿಗೆ ವರಸೆಗಳ ನಡುವಿನ ಅಡ್ಡ ಸಂದಿಯನ್ನು ಬಿರುಕಿನ ಎರಡೂ ಕಡೆ ಅರ್ಧರ್ಧ ಮೀಟರ್ ಕೊರೆದು ತೆಗೆಯುವುದು. ಧೂಳು ತೊಳೆಯುವುದು. ತಿರುಚಿದ ಸ್ಟೇನ್‌ಲೆಸ್ ಸರಳು, 6 ಮಿಲಿಮೀಟರಿನದು, ಅದರಲ್ಲಿ ಕೂರಿಸಿ ಕುಗ್ಗದ ಗ್ರೌಟ್, ಅಂದರೆ ಸಂದಿ ತುಂಬುವ ತೆಳು ಗಾರೆ, ತುಂಬುವುದು. ಒಂದಡಿಯಿಂದ ಒಂದೂವರೆ ಅಡಿ ಎತ್ತರಕ್ಕೆ ಒಂದು ಹೊಲಿಗೆ. ಮೂಲೆ ಹತ್ತಿರ ಇದ್ದರೆ ಸರಳನ್ನು ಮಡಿಸಿ ಪಕ್ಕದ ಗೋಡೆಗೂ ಒಯ್ಯಬೇಕು. ಸಾಧಾರಣ ಕಬ್ಬಿಣದ ಸರಳು ಹಾಕಿ ದುಡ್ಡು ಉಳಿಸುವವರಿದ್ದಾರೆ. ತೇವದ ಗೋಡೆಯಲ್ಲಿ ಅದು ತುಕ್ಕಾಗಿ, ಹೊಲಿದ ಸಂದಿಯನ್ನೇ ಒಡೆಯುತ್ತದೆ.

ಬಿರುಕಿನ ಒಳಗೆ ತುಂಬುವ ಗಾರೆ ಗೋಡೆಗಿಂತ ಗಟ್ಟಿ ಇರಬಾರದು. ಇದನ್ನು ಒಪ್ಪಿಸುವುದೇ ಕಷ್ಟ, ಗಟ್ಟಿ ಅಂದರೆ ಒಳ್ಳೆಯದು ಅಂತ ಎಲ್ಲರ ನಂಬಿಕೆ. ಒಂದು ಪಾಲು ಸಿಮೆಂಟು, ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳು ಕಲಸಿದರೆ ಹಳೇ ಇಟ್ಟಿಗೆಗೆ ಹೊಂದುವ ಮೆತ್ತನೆ ಗಾರೆ ಆಗುತ್ತದೆ. ಹಳೇ ಪುಣೆಯ ಪೇಠೆಗಳಲ್ಲಿರುವ ವಾಡೆಗಳ, ಅಂದರೆ ಹಳೇ ಕಾಲದ ದೊಡ್ಡ ಮನೆಗಳ, ಸುಣ್ಣದ ಗೋಡೆಗೆ ಅಷ್ಟು ಸಿಮೆಂಟೂ ಬೇಡ, ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟು ಬಳಿದರೆ ಗೋಡೆಯ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಉದುರಲು ಶುರು. ಕಲ್ಲಿನ ಪಾಯದ ಒಳಗೆ ಟೊಳ್ಳು ಕಂಡರೆ ಸಣ್ಣ ನಳಿಕೆ ಕೂರಿಸಿ, ಕೆಳಗಿನಿಂದ ಮೇಲಕ್ಕೆ, ಮೆಲ್ಲನೆ ಗ್ರೌಟ್ ಬಿಡುತ್ತಾರೆ. ಜೋರಾಗಿ ಒತ್ತಿದರೆ ಕಲ್ಲೇ ಸರಿಯುತ್ತದೆ.

ಎಪಾಕ್ಸಿ ಬಗ್ಗೆ ಒಂದು ಮಾತು. ಚಲನೆ ನಿಂತ ಕಾಂಕ್ರೀಟ್ ಬೀಮಿನ ಸಣ್ಣ ಬಿರುಕಿಗೆ ಅದು ಒಳ್ಳೆಯದು. ಆಡುವ ಇಟ್ಟಿಗೆ ಗೋಡೆಗೆ ಎಪಾಕ್ಸಿ ಹಾಕಿಸುವುದು ದುಡ್ಡು ಕೊಟ್ಟು ಪಕ್ಕದಲ್ಲಿ ಹೊಸ ಬಿರುಕು ತರಿಸಿಕೊಂಡಂತೆ. ಇನ್ನೂ ಆಡುತ್ತಿರುವ ಬಿರುಕನ್ನು ಮುಚ್ಚಲೇಬೇಕು ಅನಿಸಿದರೆ ರಬ್ಬರಿನಂತೆ ಎಳೆಯುವ ಪಾಲಿಯುರಿಥೇನ್ ಸೀಲೆಂಟ್ ಹಾಕಿ, ನೀರು, ಇರುವೆ ಬಾರದ ಹಾಗೆ. ಕೋಳಿ ಜಾಲರಿ ಬಡಿದು ಗಿಲಾವು ಮಾಡುವುದು ಗಿಲಾವಿನ ಬಿರುಕಿಗೆ ಮಾತ್ರ ಮದ್ದು.

ಪಾಯದ ಕೆಳಗೆ ಇನ್ನೊಂದು ಪಾಯ

ಎಲ್ಲರಿಗೂ ಮಾಮಾನ ಅದೃಷ್ಟ ಇರುವುದಿಲ್ಲ. ಕೋಥರೂಡ್ ಕಡೆಯ ಇಳಿಜಾರಿನಲ್ಲಿ ಒಂದು ಮನೆ ನೋಡಿದ್ದೆ. ಗುಡ್ಡ ಕಡಿದು ಆ ಮಣ್ಣನ್ನೇ ಮುಂದಕ್ಕೆ ಸುರಿದು ನಿವೇಶನ ಸಮ ಮಾಡಿದ್ದರು. ಮನೆಯ ಹಿಂದಿನ ಅರ್ಧ ಮುರುಮಿನ ಮೇಲೆ, ಮುಂದಿನ ಅರ್ಧ ಭರ್ತಿಯ ಮೇಲೆ. ಮುಂದಿನ ಗೋಡೆ ಪ್ರತಿ ಮಳೆಗೂ ಕೂರುತ್ತಲೇ ಹೋಯಿತು, ವಾಪಸ್ ಬರಲೇ ಇಲ್ಲ. ಅಲ್ಲಿ ಪಾಯವನ್ನು ಮುರುಮಿನವರೆಗೆ ಇಳಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಇದಕ್ಕೆ ಅಂಡರ್‌ಪಿನ್ನಿಂಗ್ ಅನ್ನುತ್ತಾರೆ.

ಗೋಡೆಯ ಉದ್ದವನ್ನು ಒಂದು, ಒಂದೂವರೆ ಮೀಟರಿನ ತುಂಡುಗಳಾಗಿ ಗುರುತು ಹಾಕುತ್ತಾರೆ. ಒಂದನೆಯದು, ನಾಲ್ಕನೆಯದು ತೋಡಿದರೆ ಎರಡು, ಮೂರು ಹಾಗೇ ಉಳಿಯಬೇಕು. ಅಕ್ಕಪಕ್ಕದ ತುಂಡನ್ನು ಒಟ್ಟಿಗೆ ಎಂದೂ ತೋಡುವುದಿಲ್ಲ. ತೋಡಿದ ಜಾಗದ ಮೇಲಿನ ಗೋಡೆ ಆಗ ಪಕ್ಕದ ತುಂಡುಗಳ ಮೇಲೆ ಕಮಾನಿನಂತೆ ನಿಂತಿರುತ್ತದೆ. ಗಟ್ಟಿ ನೆಲದವರೆಗೆ ತೋಡಿ, ಗುಂಡಿಯ ಬದಿಗೆ ಹಲಗೆ ಆನಿಸಿ, ಕಾಂಕ್ರೀಟ್ ತುಂಬುತ್ತಾರೆ. ಹಳೇ ಪಾಯದ ತಳಕ್ಕೆ ಮುಟ್ಟಿಸದೆ ಮೂರಿಂಚು ಸಂದಿ ಬಿಡುತ್ತಾರೆ, ಯಾಕೆಂದರೆ ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಅದು ಗಟ್ಟಿಯಾದ ಮೇಲೆ ಆ ಸಂದಿಗೆ ಅರೆ ಒದ್ದೆ ಗಾರೆಯನ್ನು ಬಡಿದು ಬಡಿದು ತುಂಬುತ್ತಾರೆ. ಹಳೇ ಗೋಡೆಯ ಭಾರ ಹೊಸ ಕಾಂಕ್ರೀಟಿಗೆ ದಾಟುವುದು ಈ ಮೂರಿಂಚಿನ ಮೂಲಕ. ನೋಡಲು ಕ್ಷುಲ್ಲಕ, ಅವಸರದ ಗುತ್ತಿಗೆದಾರರು ತಪ್ಪಿಸುವುದೂ ಇದನ್ನೇ. ಒಂದು ತುಂಡು ಮುಗಿದು ಕೆಲವು ದಿನ ಬಿಟ್ಟು ಇನ್ನೊಂದು. ಆ ಮನೆಗೆ ಎರಡೂವರೆ ತಿಂಗಳು ಹಿಡಿಯಿತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು, ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆ ಇಲ್ಲದೆ ಯಾವ ಕಾಲದಲ್ಲೂ ಮಾಡಬಾರದು.

ಎಂಜಿನಿಯರ್ ಆಯ್ಕೆಗೆ ನನ್ನ ಒಂದು ಅಳತೆಗೋಲು: ಮೊದಲ ಭೇಟಿಯಲ್ಲಿ ಅವರು ಗೋಡೆಗಿಂತ ಮುಂಚೆ ಗಟಾರ ನೋಡುತ್ತಾರಾ? ಒಂದು ಸುತ್ತು ಹಾಕಿ ನೇರ ಅಂಡರ್‌ಪಿನ್ನಿಂಗ್ ಖರ್ಚು ಹೇಳಿದರೆ ಚಹಾ ಕೊಟ್ಟು ಕಳಿಸಿ. ಹ್ಯಾಮರ್ ಟೆಸ್ಟ್ ಮಾಡುತ್ತೇವೆ ಅಂದರೆ ಯಾವುದಕ್ಕೆ ಅಂತ ಕೇಳಿ. ಅದು ಕಾಂಕ್ರೀಟಿನ ಗಟ್ಟಿತನ ನೋಡುವ ಸಾಧನ, ಪಾಯದ ಕೆಳಗಿನ ಮಣ್ಣಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಫ್ಲ್ಯಾಟಿನಲ್ಲಿರುವವರಿಗೆ ಸೊಸೈಟಿ ಬೈಲಾದಲ್ಲೇ ದಾರಿ ಇದೆ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ. ಒಂಟಿ ಮನೆಯವರಿಗೆ ನೆನಪಿಸಲು ಯಾರೂ ಬರುವುದಿಲ್ಲ.

ಈಗ ಪುಣೆಯಲ್ಲಿ ಹೊಸ ಕಾಟ ಒಂದಿದೆ, ಪಕ್ಕದವರ ರೀಡೆವಲಪ್‌ಮೆಂಟ್. ನಿನ್ನೆವರೆಗೆ ಬಂಗಲೆ ಇದ್ದ ಕಡೆ ಪಾರ್ಕಿಂಗಿಗೆ ಎರಡು ಅಂತಸ್ತು ಕೆಳಗೆ ತೋಡುತ್ತಾರೆ. ನಿಮ್ಮ ನಾಲ್ಕಡಿ ಪಾಯದ ಪಕ್ಕ 20 ಅಡಿ ಗುಂಡಿ. ತೋಡುವ ಮುಂಚೆಯೇ ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೋ ತಾರೀಕಿನ ಸಮೇತ ತೆಗೆದು, ಬಿಲ್ಡರಿಗೆ ಒಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಗುಂಡಿಯ ಬದಿಗೆ ಆಧಾರ ಕೊಡುವ ನಕ್ಷೆ ಕೇಳಿ. ಬಿರುಕು ಬಂದ ಮೇಲೆ ತೆಗೆದ ಫೋಟೋಕ್ಕೆ, "ಇದು ಮೊದಲೇ ಇತ್ತು" ಅನ್ನುವ ಉತ್ತರ ತಯಾರಿರುತ್ತದೆ.

ಮಾಮಾನ ಗೋಡೆಗೆ ಹೊಲಿಗೆ ಬಿದ್ದದ್ದು ಎರಡನೇ ಮಳೆಗಾಲ ಕಳೆದ ಡಿಸೆಂಬರಿನಲ್ಲಿ. ಈ ಮೇ ತಿಂಗಳಲ್ಲಿ ಗಿಲಾವಿನ ಮೇಲೆ ಕೂದಲೆಳೆಯಷ್ಟು ಗೆರೆ ಬಂತು, ಎಟಿಎಂ ಕಾರ್ಡಿನ ಅಂಚೂ ಹೋಗಲಿಲ್ಲ. ಸ್ಕ್ರೂಗಳು ಅಲ್ಲೇ ಇವೆ. ದೀಪಾವಳಿಗೆ ಬಣ್ಣದವನು ಬಂದಾಗ ಮಾಮಾ ಇಡೀ ಅಡುಗೆಮನೆ ಹೊಡೆಸಿದರು, ಕಿಟಕಿ ಪಕ್ಕದ ಒಂದು ಗೇಣು ಜಾಗ ಮಾತ್ರ ಬಿಡಿಸಿದರು. ಅಲ್ಲಿ ಅತ್ತೆಯ ಕೈಬರಹದ ತಾರೀಕುಗಳಿವೆ.